ಎರಡನೆಯ ಲಗ್ನಪತ್ರಿಕೆ

ಸಿರುಗುಪ್ಪ
೬-೪-೧೯೭೩

ಚಿರಂಜೀವಿ ತಮ್ಮ ದೊಡ್ಡಬಸಪ್ಪನಿಗೆ ಅಕ್ಕ ಅಕ್ಕನಾಗಮ್ಮನ ಆಶೀರ್ವಾದ.

ಇಲ್ಲಿ ನಾವೆಲ್ಲ ಕ್ಷೇಮ. ನೀನೂ ಕ್ಷೇಮವಾಗಿಯೇ ಇರಬೇಕು. ಮೈಗೆ ಆರಾಮಿಲ್ಲದವನಾಗಿದ್ದರೆ ಯುಗಾದಿಗಾದರೂ ಅಕ್ಕನ ನೆನಪಾಗಿ ಒಂದು ಕಾಗದ ಹಾಕುತ್ತಿದ್ದೆ.

ನಮ್ಮ ಬಸಮ್ಮನ ಲಗ್ನ ಮೇ ಹದಿನಾಲ್ಕರ ಸೋಮವಾರಕ್ಕೆ ನಿಶ್ಚಯವಾಗಿದೆ. ಹುಡುಗ ದೇಶನೂರಿನವನು. ಲಗ್ನಪತ್ರಿಕೆ ಬಳ್ಳಾರಿಯಲ್ಲಿ ಅಚ್ಚಾಗಿ ಬಂದು ದೇವರ ಮನೆಯಲ್ಲಿ ಗಂಟು ಕಟ್ಟಿಕೊಂಡೇ ಕೂತಿದೆ. ಈ ಮನೆಯ ಪದ್ಧತಿ ನಿನಗೆ ಗೊತ್ತಿದೆ. ಮೊದಲನೆಯ ಪತ್ರಿಕೆ ಮನೆದೇವರಿಗೆ, ಎರಡನೆಯದು ಹುಡುಗಿಯ ತಾಯಿಯ ತವರಿಗೆ. ತಾಯಿಯಾದವಳು ಅದನ್ನು ತವರಿನ ಹೊಸ್ತಿಲ ಮೇಲೆ ಅರಿಶಿನ ಕುಂಕುಮ ಹಚ್ಚಿ ಇಡಬೇಕು. ಆ ಎರಡನೆಯದು ಮುಟ್ಟದೆ ಮೂರನೆಯದನ್ನು ಯಾರ ಕೈಗೂ ಕೊಡುವಂತಿಲ್ಲ. ಮೊದಲನೆಯದು ಮುಟ್ಟಿದೆ. ಅಲ್ಲಿಗೆ ನಿಂತಿದೆ.

ನನ್ನ ತವರು ಎಲ್ಲಿದೆ ಎಂದು ನಿನಗೆ ಹೇಳಬೇಕಾಗಿಲ್ಲ. ಇಪ್ಪತ್ತು ವರ್ಷದಿಂದ ಡ್ಯಾಮಿನ ನೀರಿನ ಕೆಳಗಿದೆ. ಆದರೆ ಮೊನ್ನೆ ನಮ್ಮ ಹೊಳೆಬಸಾಪುರದ ಜಡೆಮ್ಮ ಹೊಸಪೇಟೆಯಿಂದ ಬಂದವಳು ಅಂಗಳದಲ್ಲೇ ನಿಂತು ಕೂಗಿದಳು: "ಅಕ್ಕಾ, ನೀರು ಭಾಳ ಇಳದೈತಿ. ನಮ್ಮೂರ ಬಂಡಿ ಹಾದಿ ಹೊರಗ ಬಂದೈತಿ. ಓಣಿ ಗ್ವಾಡಿ ಸುದ್ದಾ ಕಾಣ್ತಾವ!"

ಏಪ್ರಿಲ್ ಇಪ್ಪತ್ತೆರಡು ಭಾನುವಾರ, ನಿನ್ನ ಕಚೇರಿಗೆ ರಜೆ. ಹಳೆಯ ಹಾದಿ ದಂಡೆಯಿಂದ ಇಳಿಯುವಲ್ಲಿ ನೀನು ಬಾ, ಹೆಂಡತಿ ಸುವರ್ಣಮ್ಮನನ್ನೂ ಕರೆದುಕೊಂಡು ಬಾ. ಜೊತೆಯಾಗಿ ನಡೆದು ಹೋಗೋಣ. ನಾನು ಪತ್ರಿಕೆ ಇಡುತ್ತೇನೆ, ನೀನು ಎತ್ತಿಕೋ, ಅವಳು ನನ್ನ ಉಡಿ ತುಂಬಲಿ. ಅಕ್ಕಿ, ಕೊಬ್ಬರಿ, ಉತ್ತುತ್ತಿ, ಒಂದು ಖಣ ಸಾಕು. ಹೆಚ್ಚಿಗೆ ಏನೂ ಬೇಡ.

ಊರು ಮುಳುಗಿದ ಮೇಲೆ ನೀನು ಕಟ್ಟಿಸಿದ ಕುರುಗೋಡಿನ ಮನೆಗೇ ಬಾ ಎಂದು ಮಾತ್ರ ಬರೆಯಬೇಡ. ಅದು ನಿನ್ನ ಮನೆ. ಚೆನ್ನಾಗಿದೆ ಎಂದು ಎಲ್ಲರೂ ಹೇಳುತ್ತಾರೆ.

ಅಕ್ಕನಾಗಮ್ಮ


ಬಳ್ಳಾರಿ
೧೧-೪-೧೯೭೩

ಅಕ್ಕನಿಗೆ ದೊಡ್ಡಬಸಪ್ಪನ ಶರಣು.

ಕಚೇರಿಯ ಮಧ್ಯಾಹ್ನದ ಬಿಡುವಿನಲ್ಲಿ ಬರೆಯುತ್ತಿದ್ದೇನೆ. ಕುರುಗೋಡಿನಲ್ಲಿ ಕೂತು ಬರೆದರೆ ಸುವರ್ಣಮ್ಮ ಹೆಗಲ ಮೇಲಿಂದ ಓದುತ್ತಾಳೆ, "ಅಷ್ಟು ಖಾರ ಬ್ಯಾಡ್ರಿ" ಎಂದು ಅರ್ಧ ಹೊಡೆದು ಹಾಕಿಸುತ್ತಾಳೆ.

ಬಸಮ್ಮನ ಲಗ್ನದ ಸುದ್ದಿ ಓದಿ ಸಂತೋಷವಾಯಿತು. ಉಳಿದದ್ದನ್ನು ಓದಿ ಆಗಲಿಲ್ಲ.

ಒಂದು, ಏಪ್ರಿಲ್ ಬಿಸಿಲು ಎಂಥದ್ದು ಎಂದು ಸಿರುಗುಪ್ಪದವರಿಗೆ ಯಾರೂ ಕಲಿಸಬೇಕಾಗಿಲ್ಲ. ಎರಡು, ಮೇಲಿನ ಮಣ್ಣು ಬಿರುಕು ಬಿಟ್ಟ ಮಾತ್ರಕ್ಕೆ ಡ್ಯಾಮಿನ ತಳ ಒಣಗಿತು ಎಂದು ಅರ್ಥವಲ್ಲ. ಹೋದ ಸಲ ನೀರಿಳಿದಾಗ ಒಂದು ಎತ್ತು ಹೊಟ್ಟೆಯವರೆಗೆ ಹೂತು, ಅದನ್ನು ಎತ್ತಲು ಹೋದ ನಾಲ್ಕು ಜನರೂ ಹೂತುಕೊಂಡಿದ್ದರು. ಮೂರು, ನಿನಗೆ ಮೊಣಕಾಲು ನೋವು. ನಾಲ್ಕು, ಸಿರುಗುಪ್ಪದಿಂದ ಕುರುಗೋಡಿಗೆ ದಿನಾ ಬಸ್ಸಿದೆ. ಕಂಡಕ್ಟರಿಗೆ ಹೇಳಿದರೆ ನಮ್ಮ ಓಣಿಯ ಬಾಯಿಗೇ ಇಳಿಸುತ್ತಾನೆ. ಅಲ್ಲೊಂದು ಮನೆಯಿದೆ, ಮನೆಗೊಂದು ಬಾಗಿಲಿದೆ, ಬಾಗಿಲಿಗೊಂದು ಹೊಸ್ತಿಲಿದೆ.

ಗೃಹಪ್ರವೇಶದ ದಿನ ನೀನು ಆ ಬಾಗಿಲಿನವರೆಗೆ ಬಂದೆ. ತಲೆ ತಗ್ಗಿಸಿ ಹೊಸ್ತಿಲು ನೋಡಿದೆ. ಒಂದು ಮಾತೂ ಆಡದೆ ತಿರುಗಿ ಹೋಗಿ ಗಾಡಿ ಹತ್ತಿದೆ. ಬಂದ ಬೀಗರೆಲ್ಲ ನೋಡುತ್ತಿದ್ದರು. ಅಷ್ಟಾದ ಮೇಲೂ ನಿನ್ನ ಕಾಗದದಲ್ಲಿ ತವರಿನ ಹೊಸ್ತಿಲ ಮಾತು ಬಂದರೆ ನಗಬೇಕೋ ಅಳಬೇಕೋ ನನಗೆ ತಿಳಿಯುವುದಿಲ್ಲ.

ಇನ್ನು ಮುಳುಗಿದ ಮನೆಯ ದುಃಖ. ಅದನ್ನು ಮುಳುಗಿಸಿದ ನೀರೇ ಕಾಲುವೆ ಹಿಡಿದು ನಿಮ್ಮ ಗದ್ದೆಗೆ ಬರುತ್ತದೆ. ಇಪ್ಪತ್ತು ವರ್ಷದಿಂದ ಅದೇ ಅಕ್ಕಿ ಉಣ್ಣುತ್ತಿದ್ದೀ.

ಕೊಟ್ಟೂರಪ್ಪ ಭಾವನವರಿಗೆ ಶರಣು ಹೇಳು. ಅವರಾದರೂ ನಿನಗೆ ಬುದ್ಧಿ ಹೇಳಲಿ.

ದೊಡ್ಡಬಸಪ್ಪ


ಸಿರುಗುಪ್ಪ
೧೫-೪-೧೯೭೩

ತಮ್ಮ ದೊಡ್ಡಬಸಪ್ಪನಿಗೆ,

ನಿನ್ನ ಕಾಗದವನ್ನು ಸುವರ್ಣಮ್ಮ ಓದಿ ಹೊಡೆದು ಹಾಕಿಸಿದ್ದರೆ ಒಳ್ಳೆಯದಿತ್ತು.

ಅಕ್ಕಿಯ ಮಾತೆತ್ತಿದ್ದೀ. ಪ್ರತಿ ಸುಗ್ಗಿಗೆ ಒಂದು ಚೀಲ ನಿಮ್ಮ ಮನೆಗೂ ಬರುತ್ತದೆ. ಮುಳುಗಿದ ಮನೆಯ ನೆನಪಾಗಿ ಅದನ್ನು ಒಂದು ವರ್ಷವಾದರೂ ವಾಪಸ್ಸು ಕಳಿಸಿದ್ದು ನನಗೆ ಗೊತ್ತಿಲ್ಲ.

ನಿಮ್ಮ ಭಾವನಿಗೆ ಬುದ್ಧಿ ಹೇಳಲು ಹೇಳಿದೆಯಲ್ಲ, ಹೇಳಿದರು. "ಅಕ್ಕ ತಮ್ಮನ ನಡುವ ಬರಾಕ ನಾನೇನು ಹುಚ್ಚನಾ? ಎರಡು ಕಲ್ಲಿನ ನಡುವ ಕೈ ಇಟ್ಟಂಗ" ಎಂದು ಟವಲು ಹೆಗಲಿಗೆ ಹಾಕಿಕೊಂಡು ಮಿಲ್ಲಿನ ಕಡೆ ಹೋದರು.

ನೀನು ನಂಬರು ಹಾಕಿ ನಾಲ್ಕು ಕಾರಣ ಬರೆದಿದ್ದೀ. ನನ್ನದು ಒಂದೇ. ನೀರು ಬರುವ ಮೊದಲು ಮನೆ ಕೀಳುವಾಗ ನನ್ನನ್ನು ಕರೆಯಲಿಲ್ಲ. ಊರಿನ ಹೆಣ್ಣುಮಕ್ಕಳೆಲ್ಲ ಬಂದು ಗೋಡೆ ಮುಟ್ಟಿ ಹೋದರಂತೆ. ನಾನು ಇಲ್ಲಿ ಭತ್ತ ಕೇರುತ್ತ ಕೂತಿದ್ದೆ. ನೀರು ಬಂತು ಎನ್ನುವುದು ನನಗೆ ಗೊತ್ತಾದದ್ದು ನಮ್ಮ ಕಾಲುವೆಗೆ ನೀರು ಬಂದಾಗ.

ಹೊಸ್ತಿಲ ಮಾತು ಯಾಕೆ ಎನ್ನುತ್ತೀ. ತೊಲೆ ಕಿತ್ತು ತರಬಹುದು, ಬಾಗಿಲು ಕಿತ್ತು ತರಬಹುದು. ಹೊಸ್ತಿಲು ಕೀಳುವುದಲ್ಲ. "ಹೊಸ್ತಿಲು ಕಿತ್ತವರ ಮನೆ ಹೆಣ್ಣುಮಕ್ಕಳಿಗೆ ತವರಲ್ಲ" ಎಂದು ನಮ್ಮ ಅತ್ತೆ ಹೇಳುತ್ತಿದ್ದರು. ನಾನು ಅದನ್ನು ನಂಬಿದವಳು. ನೀನು ನಗಬೇಕೆಂದರೆ ನಗು.

ಇಪ್ಪತ್ತೆರಡಕ್ಕೆ ನಾನು ಹೋಗುತ್ತೇನೆ. ನೀನು ಬರುತ್ತೀಯೋ ಇಲ್ಲವೋ, ಅಷ್ಟು ಬರೆ.

ಅಕ್ಕನಾಗಮ್ಮ


ಬಳ್ಳಾರಿ
೧೮-೪-೧೯೭೩

ಅಕ್ಕನಿಗೆ,

ಗೊತ್ತಾಯಿತು. ಇಷ್ಟು ವರ್ಷದ ಮೇಲೆ ಕಾರಣವನ್ನು ನೀನೇ ಬಿಡಿಸಿ ಬರೆದೆ, ಉಪಕಾರವಾಯಿತು. ನಾನು ಊಹಿಸಿದ್ದು ಅದೇ. ಆದರೂ ಅಕ್ಷರದಲ್ಲಿ ಓದಬೇಕಾದಾಗ ಬೇರೆ.

ನಾನು ಬರುವುದಿಲ್ಲ. ನಮ್ಮ ಮನೆ ನಿನಗೆ ತವರಲ್ಲ ಎಂದ ಮೇಲೆ ನಾನು ಬಸಮ್ಮನಿಗೆ ಸೋದರಮಾವನಾಗುವುದು ಹೇಗೆ ಎಂದೂ ನನಗೆ ತಿಳಿಯುವುದಿಲ್ಲ. ಹುಡುಗಿಯ ಕೈಹಿಡಿದು ಹಂದರಕ್ಕೆ ಕರೆತರಲು ಯಾರಾದರೂ ಬೇಕಲ್ಲ. ಜಡೆಮ್ಮನ ತಮ್ಮ ಕೆಂಚಣ್ಣನಿದ್ದಾನೆ, ಊರಿನ ಸಂಬಂಧದಲ್ಲಿ ಅವನೂ ಮಾವನೇ. ಅವನಿಗೆ ಹೇಳಿ.

ದೊಡ್ಡಬಸಪ್ಪ

ಹೋಗಿಯೇ ಹೋಗುವುದಾದರೆ ಬೆಳಿಗ್ಗೆ ಬೇಗ ಹೋಗಿ. ಹಾದಿ ಬಿಟ್ಟು ಇಳಿಯಬೇಡಿ. ಮಣ್ಣಿನ ಬಣ್ಣ ಕಪ್ಪಾಗಿರುವ ಕಡೆ ಕಾಲಿಡಬೇಡಿ. ಕುಡಿಯುವ ನೀರು ಒಯ್ಯಿರಿ, ಅಲ್ಲಿ ಎದುರಿಗೆ ಎಷ್ಟು ನೀರು ಕಂಡರೂ ಅದು ಕುಡಿಯಲು ಬರುವುದಿಲ್ಲ.


ಸಿರುಗುಪ್ಪ
೨೫-೪-೧೯೭೩

ದೊಡ್ಡಬಸಪ್ಪನಿಗೆ,

ಹೋಗಿ ಬಂದೆ. ಕೂಡಲೇ ಬರೆಯಬಹುದಿತ್ತು. ಸಿಟ್ಟು ಇಳಿಯಲೆಂದು ಕಾದೆ. ಇಳಿಯಲಿಲ್ಲ.

ನಿಮ್ಮ ಭಾವ ಜೊತೆಗೆ ಬಂದಿದ್ದರು. ದಂಡೆಯ ಮೇಲೆ ನಿಂತು ಕಣ್ಣಿಗೆ ಕೈ ಅಡ್ಡ ಹಿಡಿದು, "ನಿಮ್ಮ ತವರುಮನಿಗೆ ಹೋಗಾಕ ಇಷ್ಟು ದಿನ ಮೀನಾಗಿ ಹುಟ್ಟಬೇಕಿತ್ತು. ಈಗ ಮನುಷ್ಯಾರಿಗೂ ಹಾದಿ ಬಿಟ್ಟಾರ ನೋಡು" ಎಂದರು. ಹಾದಿ ನಿಜವಾಗಿಯೂ ಇತ್ತು.

ನೀನು ನೋಡಬೇಕಿತ್ತು. ಎರಡೂ ಬದಿಗೆ ಕೆರೆಮಣ್ಣು ಒಣಗಿದ ರೊಟ್ಟಿಯ ಹಾಗೆ ಅಂಚೆತ್ತಿ ನಿಂತಿದೆ, ನಡುವೆ ಹಾದಿ ಮಾತ್ರ ಗಟ್ಟಿ. ಇಪ್ಪತ್ತು ವರ್ಷ ನೀರು ಕೂತರೂ ಅದು ಮೆತ್ತಗಾಗಿಲ್ಲ. ಬದಿಯ ಹುಣಸೆ ಮರಗಳ ಬೊಡ್ಡೆಗಳು ಸಾಲಾಗಿವೆ. ಚಪ್ಪಲಿ ಇಲ್ಲದೆ ನಾವು ನೆರಳಿನಿಂದ ನೆರಳಿಗೆ ಹಾರಿಕೊಂಡು ಹೊಳೆಗೆ ಹೋಗುತ್ತಿದ್ದ ಹಾದಿ ಅದು. ಈಗ ಒಂದು ಅಂಗೈ ನೆರಳಿಲ್ಲ. ಎಲ್ಲ ಕಡೆ ಬಿಳಿಯ ಚಿಪ್ಪು, ಮೀನಿನ ವಾಸನೆ. ಹಾದಿ ಬಂಡೆಯ ಮೇಲೆ ಹಾಯುವಲ್ಲಿ ಗಾಲಿ ಸವೆಸಿದ ಎರಡು ಗೀರು ಇದ್ದವಲ್ಲ, ಹಾಗೇ ಇವೆ. ನನ್ನ ಲಗ್ನದ ಗಾಡಿ ಆ ಗೀರಿನಲ್ಲೇ ಹೋದದ್ದು. ಹೊರಟ ಮದುಮಗಳು ಹಿಂದಕ್ಕೆ ತಿರುಗಿ ನೋಡಬಾರದೆಂದು ಸೋದರತ್ತೆ ನನ್ನ ತಲೆಯನ್ನು ಒತ್ತಿ ಹಿಡಿದಿದ್ದಳು. ಈಗ ಅದೇ ಗೀರಿನಲ್ಲಿ ಕಾಲಿಟ್ಟು, ತಲೆ ಎತ್ತಿ, ಊರನ್ನೇ ನೋಡುತ್ತ ನಡೆದೆ. ತಡೆಯುವವರು ಯಾರೂ ಇರಲಿಲ್ಲ. ನೋಡಲೂ ಏನೂ ಇರಲಿಲ್ಲ. ಮೊಣಕಾಲೆತ್ತರದ ಗೋಡೆಗಳು, ಅಷ್ಟೇ.

ನಮ್ಮ ಮನೆಯನ್ನು ಮುಟ್ಟುವಷ್ಟರಲ್ಲಿ ಒಬ್ಬ ಕೂಗಿದ. ಪಾಲಯ್ಯ ಎಂದು ಹೆಸರಂತೆ. ನೀರು ಇಳಿದ ಹಾಗೆಲ್ಲ ಹಿಂದೆಯೇ ಬಂದು ಬೀಜ ಹಾಕುವವನು.

"ಅಕ್ಕಾ, ಹಾದಿ ಮ್ಯಾಲ ನಡೀರಿ! ಬಳ್ಳಿ ತುಳೀಬ್ಯಾಡ್ರಿ!"

"ಇದು ನಮ್ಮ ಪಡಸಾಲಿ" ಎಂದೆ.

"ಹೌದೇನ್ರಿ? ಭಾರೀ ಪಡಸಾಲಿ ಬಿಡ್ರಿ. ಸೌತಿಕಾಯಿ ಹೆಂಗ ಹಿಡದಾವ ನೋಡ್ರಿ. ಅಡಿಗಿಮನ್ಯಾಗ ಕಲ್ಲಂಗಡಿ ಹಾಕೀನಿ."

"ಯಾರನ್ನ ಕೇಳಿ ಹಾಕಿದಿ?"

"ನೀರನ್ನ ಕೇಳೀನ್ರಿ. ನೀ ಬರೂದ್ರಾಗ ಕಿತ್ಕೊಂಡು ಹೊಕ್ಕೀನಿ ಅಂದೆ. ಹೂಂ ಅಂತು."

ನಾನು ಜಗಳಕ್ಕೆ ಸೆರಗು ಸಿಕ್ಕಿಸುವಷ್ಟರಲ್ಲಿ ನಿಮ್ಮ ಭಾವ ನಮ್ಮ ಪಡಸಾಲೆಯ ಒಂದು ಸೌತೆಕಾಯಿ ತಿಂದು ಮುಗಿಸಿದ್ದರು.

ಈಗ ನಾನು ಬರೆಯಬೇಕೆಂದದ್ದಕ್ಕೆ ಬರುತ್ತೇನೆ. ಬಾಗಿಲಿನ ಎರಡು ಬದಿಯ ಕಲ್ಲುಗಳು ನಿಂತಿವೆ. ನಡುವೆ ಹೊಸ್ತಿಲು ಕೂತಿದ್ದ ಗುಣಿ ಇದೆ. ಹೊಸ್ತಿಲಿಲ್ಲ. ಆ ಗುಣಿಯಲ್ಲಿ ಮರಳು ತುಂಬಿ, ಮರಳಿನ ಮೇಲೆ ಒಂದು ಸೌತೆ ಬಳ್ಳಿ ಹರಿದು ಮನೆಯೊಳಕ್ಕೆ ಹೋಗಿದೆ.

ಪಾಲಯ್ಯನನ್ನು ಕೇಳಿದೆ. "ಇಲ್ಲಿ ಯಾವ ಮನಿಗೂ ಹೊಸ್ತಿಲಿಲ್ರಿ" ಎಂದ. ನೋಡಿದೆಯಾ? ಕಳ್ಳರು ಊರಿನಲ್ಲಿ ಒಂದು ಮನೆಯನ್ನೂ ಬಿಟ್ಟಿಲ್ಲ! ಹಿಂದೆ ನೀರಿಳಿದ ಯಾವುದೋ ವರ್ಷ ಬಂದು ಎಲ್ಲವನ್ನೂ ಕಿತ್ತುಕೊಂಡು ಹೋಗಿದ್ದಾರೆ. ಅಜ್ಜ ಕುದುರೆ ಲಾಳ ಹೊಡೆದ ಹೊಸ್ತಿಲು. ಆ ಲಾಳದ ಒಂದು ಮೊಳೆ ಬಿದ್ದುಹೋಗಿ ಅಂಚು ಎದ್ದಿತ್ತು, ನನ್ನ ಬಲಗಾಲಿನ ಹೆಬ್ಬೆರಳು ಸೀಳಿತ್ತು, ಗುರುತು ಈಗಲೂ ಇದೆ. ಅದು ಯಾವ ಹೋಟೆಲಿನ ಒಲೆಗೆ ಹೋಯಿತೋ. ನೀನು ಒಂದು ಸಲ, ಒಂದೇ ಒಂದು ಸಲ ಬಂದು ನೋಡಿಕೊಂಡಿದ್ದರೆ?

ನಾನು ಒಳಗೆ ಹೋಗಲಿಲ್ಲ. ಹೊಸ್ತಿಲಿಲ್ಲದ ಮನೆಗೆ ಹೋಗುವುದು ಹೇಗೆ, ಬಲಗಾಲು ಇಡುವುದು ಎಲ್ಲಿ? ಹೊರಗೇ ನಿಂತು, ಪತ್ರಿಕೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದ ಹಾದಿಯಲ್ಲೇ ವಾಪಸ್ಸು ಬಂದೆ.

ಈಗ ಮೂರನೆಯದನ್ನು ಕೊಡುವ ಹಾಗಿಲ್ಲ. ನಿಮ್ಮ ಭಾವ ದಿನಾ ಬೆಳಿಗ್ಗೆ ಗಂಟಿನ ಕಡೆ ನೋಡಿ, "ಲಗ್ನ ಮುಗದ ಮ್ಯಾಲ ಹಂಚೂಣೇನು?" ಎಂದು ಕೇಳುತ್ತಾರೆ. ಕೆಂಚಣ್ಣನಿಗೆ ಹೇಳಿ ಎಂದೆಯಲ್ಲ, ಆ ಸಾಲನ್ನು ಬಸಮ್ಮ ಓದಿಬಿಟ್ಟಳು. ನಿನ್ನೆ ರೊಟ್ಟಿ ಬಡಿಯುತ್ತ ಒಂದು ಮಾತು ಕೇಳಿದಳು: "ಮಾವ ಬರ್ತಾನೋ ಇಲ್ಲೋ, ಅದೊಂದು ಹೇಳವ್ವಾ."

ನಾನೇನು ಹೇಳಲಿ? ನೀನೇ ಬರೆ.

ಅಕ್ಕನಾಗಮ್ಮ


ಕುರುಗೋಡು
೨೯-೪-೧೯೭೩

ಅಕ್ಕಾ,

ನಿನ್ನ ಕಾಗದ ಓದಿದೆ. ಎದ್ದು ಬಾಗಿಲಿಗೆ ಹೋದೆ. ಹೊಸ್ತಿಲು ನೋಡಿದೆ. ಬಂದು ಮತ್ತೆ ಕಾಗದ ಓದಿದೆ.

ಅಜ್ಜ ಹೊಡೆದ ಲಾಳ ಅಲ್ಲೇ ಇದೆ. ಮೊಳೆ ಬಿದ್ದುಹೋದ ತೂತೂ ಇದೆ. ಅದನ್ನು ಯಾವ ಕಳ್ಳನೂ ಕದ್ದಿಲ್ಲ. ಅದು ನಮ್ಮ ಬಾಗಿಲಲ್ಲಿದೆ, ಮೊದಲಿನಿಂದಲೂ ನಮ್ಮ ಬಾಗಿಲಲ್ಲಿದೆ!

ಮೀನು ದಾಟಲಿ ಎಂದು ಯಾರಾದರೂ ಹೊಸ್ತಿಲು ಬಿಟ್ಟು ಬರುತ್ತಾರೇನಕ್ಕಾ? ಹೊಳೆಬಸಾಪುರದ ಒಂದೊಂದು ಮನೆಯವರೂ ತಮ್ಮ ತಮ್ಮ ಹೊಸ್ತಿಲು ಕಿತ್ತು ಗಾಡಿಗೆ ಹೇರಿಕೊಂಡೇ ಬಂದರು. ಯಾವ ಮನೆಗೂ ಇಲ್ಲ ಎಂದು ಆ ಪಾಲಯ್ಯ ಬಾಯಿಬಿಟ್ಟು ಹೇಳಿದರೂ ನಿನಗೆ ಕಳ್ಳರೇ ಕಂಡರು.

ನಮ್ಮದನ್ನು ಅವ್ವ ತೊಲೆಗಳ ಜೊತೆ ಹೇರಲು ಬಿಡಲಿಲ್ಲ. ಗೋಣಿತಟ್ಟು ಸುತ್ತಿಸಿ ಗಾಡಿಯಲ್ಲಿ ತನ್ನ ಪಕ್ಕದಲ್ಲೇ ಇಟ್ಟುಕೊಂಡಳು. ಇಲ್ಲಿ ಗುಡಿಸಲಿನಲ್ಲಿದ್ದಾಗ ಅದು ಅವಳ ಹೊರಸಿನ ಕೆಳಗಿತ್ತು. "ನನ್ನ ಮಗಳು ಬಂದಾಗ ಬಲಗಾಲು ಇಡಾಕ ಇದೊಂದರ ಇರಲಿ" ಎನ್ನುತ್ತಿದ್ದಳು. ಮನೆ ಏಳುವ ಮೊದಲೇ ತೀರಿಹೋದಳು. ಆಗ ನೀನು ಬಂದವಳು ಅದೇ ಹೊರಸಿನ ಪಕ್ಕದಲ್ಲಿ ಮಲಗಿದ್ದೆ. ಒದ್ದೆ ಸೀರೆಯನ್ನು ಆ ಗೋಣಿತಟ್ಟಿನ ಮೇಲೇ ಹರವಿದ್ದೆ.

ಹೇಳಲಿಲ್ಲವೇಕೆ ಎಂದು ಕೇಳುತ್ತೀ. ಆಗ ನೀನು ನನ್ನ ಮುಖ ನೋಡುತ್ತಿರಲಿಲ್ಲ. ಮನೆ ಕೀಳುವಾಗ ಕರೆಯಲಿಲ್ಲ ಎಂಬ ಸಿಟ್ಟು. ಬಸಮ್ಮ ನಿನ್ನ ಹೊಟ್ಟೆಯಲ್ಲಿದ್ದಳು. ಬಸುರಿ ಹೆಂಗಸು ಮನೆ ಕೀಳುವುದನ್ನು ನೋಡಬಾರದು ಎಂದು ಅವ್ವನೇ ತಡೆದಳು, ಅದನ್ನೂ ನೀನು ಕೇಳಿಸಿಕೊಳ್ಳುತ್ತಿರಲಿಲ್ಲ. ಗೃಹಪ್ರವೇಶಕ್ಕೆ ಬರುತ್ತಾಳೆ, ಬಾಗಿಲಲ್ಲಿ ಹೊಸ್ತಿಲು ಕಂಡು ತಾನೇ ಕರಗುತ್ತಾಳೆ ಎಂದುಕೊಂಡೆ. ನೀನು ಬಂದೆ, ಅದನ್ನೇ ನೋಡಿದೆ, ತಿರುಗಿ ಹೋದೆ. ಅವ್ವ ಕಾಪಾಡಿದ ಹೊಸ್ತಿಲನ್ನೂ ತುಳಿಯದೆ ಹೋದಳಲ್ಲ ಎಂದು ಆ ದಿನ ನಾನು ಊಟ ಮಾಡಲಿಲ್ಲ. ಮೊನ್ನೆ ನೀನು ಹೊಸ್ತಿಲು ಕಿತ್ತವರ ಮನೆ ತವರಲ್ಲ ಎಂದು ಬರೆದಾಗ ನಾನು ಇನ್ನೇನು ತಿಳಿಯಬೇಕಿತ್ತು? ಹಾಗಾದರೆ ಆ ದಿನ ನೀನು ಏನನ್ನು ನೋಡಿದೆ, ನನಗೆ ಅದೊಂದು ಅರ್ಥವಾಗುತ್ತಿಲ್ಲ.

ಇಷ್ಟು ಬರೆಯುವಾಗ ಸುವರ್ಣಮ್ಮ ಎಂದಿನಂತೆ ಹೆಗಲ ಮೇಲಿಂದ ಓದಿದಳು. ಓದಿ, ಸೆರಗನ್ನು ಬಾಯಿಗೆ ಹಿಡಿದುಕೊಂಡು ಅಲ್ಲೇ ಕೂತಳು. "ಅವತ್ತು ಲಾಳ ಎಲ್ಲಿ ಕಾಣಬೇಕ್ರಿ? ಓಣಿ ಮುತ್ತೈದೇರೆಲ್ಲಾ ಕೂಡಿ ಬೆರಳು ದಪ್ಪ ಅರಿಶಿನ ಬಳದಿದ್ವಿ. ಮ್ಯಾಲ ಕುಂಕುಮ, ಅದರ ಮ್ಯಾಲ ಹೂವು. ಹೊಸಾ ಕಟಗಿ ಅಂತ ನಾನ ಅಂದ್ಕೋಬೇಕು, ಹಂಗಿತ್ತು" ಎಂದಳು.

ಇದನ್ನು ಇವಳು ಇಷ್ಟು ವರ್ಷ ಹೇಳಲಿಲ್ಲವೇಕೆ ಎಂದು ಕೇಳಿದೆ. "ನೀವು ಎಂದರ ಕೇಳಿದ್ರೇನು? ಅಕ್ಕಾರ ಹೆಸರು ತಗದ್ರ ತಾಟು ಸರಿಸಿ ಎದ್ದು ಹೋಗ್ತಿದ್ರಿ" ಎಂದಳು. ಈ ಸಾಲನ್ನು ಹೊಡೆದು ಹಾಕಬಾರದಂತೆ, ನಿಂತು ಬರೆಸುತ್ತಿದ್ದಾಳೆ.

ಬಸಮ್ಮನಿಗೆ ಹೇಳು, ಕೆಂಚಣ್ಣ ಬೇಡ.

ದೊಡ್ಡಬಸಪ್ಪ


ಸಿರುಗುಪ್ಪ
೩-೫-೧೯೭೩

ತಮ್ಮಾ,

ಇದೊಂದು ಮಾತು ಬಾಯಿಬಿಟ್ಟು ಹೇಳಲು ನಿನಗೆ ಡ್ಯಾಮು ಬತ್ತಬೇಕಾಯಿತು. ಕಚೇರಿಯಲ್ಲಿ ಇಡೀ ದಿನ ಬರೆಯುತ್ತೀ. ಹೊಸ್ತಿಲು ನಮ್ಮ ಬಾಗಿಲಲ್ಲಿದೆ ಎಂದು ಒಂದು ಕಾರ್ಡಿನಲ್ಲಿ ಬರೆಯಲು ನಿನ್ನ ಕೈಗೇನಾಗಿತ್ತು?

ನನ್ನನ್ನು ಕೇಳಬೇಡ. ನಾನು ಕೆಳಗೆ ನೋಡಿದ್ದು ನಿಜ. ನೋಡಿದ್ದು ಹಳದಿ. ಎಲ್ಲ ಹೊಸದು, ಅಪ್ಪನ ಮನೆಯದು ಒಂದೂ ಉಳಿದಿಲ್ಲ ಎಂದುಕೊಂಡೆ. ಬೀಗರ ಮುಂದೆ ಅಳಬಾರದೆಂದು ಗಾಡಿ ಹತ್ತಿದೆ. ಆ ಗಾಡಿಯಲ್ಲಿ ಸಿರುಗುಪ್ಪದವರೆಗೆ ಅತ್ತುಕೊಂಡೇ ಬಂದೆ. ಅವ್ವನ ಮಾತನ್ನು ನಿನ್ನ ಕಾಗದದಲ್ಲಿ ಓದಿ ಮೊನ್ನೆಯಿಂದ ಮತ್ತೆ ಅದೇ ಕೆಲಸ. ಬೇಳೆ ತಳ ಹಿಡಿಯಿತು. ಹೊಸ್ತಿಲು ಕಿತ್ತವರ ಬಗ್ಗೆ ನಮ್ಮ ಅತ್ತೆ ಹೇಳಿದ ಮಾತು ಬದಿಗಿರಲಿ, ಅವ್ವ ಅದನ್ನು ಕಿತ್ತು ತಂದದ್ದು ನಾನು ಬಲಗಾಲು ಇಡಲೆಂದೇ.

ನಿಮ್ಮ ಭಾವ ಕಾಗದ ಓದಿಸಿ ಕೇಳಿ, "ನೀವಿಬ್ಬರೂ ಅಕ್ಕ ತಮ್ಮ ಅಲ್ಲ, ಬಳ್ಳಾರಿ ಕೋರ್ಟು. ಒಂದು ತೀರ್ಪಿಗೆ ಇಪ್ಪತ್ತು ವರ್ಷ!" ಎಂದರು. ಆಮೇಲೆ ಕೇಳದೆಯೇ ಗಂಟನ್ನು ಬಿಚ್ಚಲು ಹೋದರು. ಕೈ ಮೇಲೆ ಹೊಡೆದೆ. ಎರಡನೆಯದು ಇನ್ನೂ ಮುಟ್ಟಿಲ್ಲ.

ಭಾನುವಾರ ಮೊದಲ ಬಸ್ಸಿಗೆ ಬರುತ್ತೇನೆ. ಬಸಮ್ಮನೂ ಬರುತ್ತಾಳೆ. ಪತ್ರಿಕೆಯ ಮೂಲೆಗೆ ಹಾದಿಯ ಮಣ್ಣು ಹತ್ತಿದೆ. ಬೇರೆ ತರುವುದಿಲ್ಲ, ಎರಡನೆಯದೆಂದು ಎತ್ತಿಟ್ಟದ್ದು ಇದೊಂದೇ.

ಸುವರ್ಣಮ್ಮನಿಗೆ ಒಂದು ಮಾತು ಹೇಳು. ಆ ದಿನ ಹಬ್ಬದ ಅಡಿಗೆಯೆಲ್ಲ ಬೇಡ, ರೊಟ್ಟಿ ಸಾಕು. ಮತ್ತೆ ಇದನ್ನು ಮರೆಯದೆ ಹೇಳು: ನಾನು ಬರುವವರೆಗೆ ಹೊಸ್ತಿಲಿಗೆ ಅರಿಶಿನ ಹಚ್ಚಬೇಡಿ. ಬರೀ ಕಟ್ಟಿಗೆಯೇ ಇರಲಿ.

ಅಕ್ಕ